ನಾಲೆಗೆ ನೀರು ಬಂತೇನವ್ವಾ?

ಕೇಳುಗರಿಗೆ ನಮಸ್ಕಾರ. ನಾನು ಪಾಂಡವಪುರದ ಹತ್ತಿರದ ಹಳ್ಳಿಯವಳು. ನಮಗೆ ಎರಡೂವರೆ ಎಕರೆ ಕಬ್ಬಿದೆ, ಒಂದು ಸಣ್ಣ ಆಲೆಮನೆ ಇದೆ. ಗಾಣ, ಒಲೆ, ಕೊಪ್ಪರಿಗೆ ಎಲ್ಲಾ ಮಾವನವರದು ಮತ್ತು ನನ್ನ ಯಜಮಾನರದು. ಬೆಲ್ಲ ಮಾರುವ ಕೆಲಸ ನನ್ನದು. ಮಾರುವುದು ಜಾಸ್ತಿ ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲೇ.

ಶುರುವಿನಲ್ಲಿ ದಿನಾ ಬೆಳಗಾದರೆ ಒಂದೇ ಚಿಂತೆ. ಇವತ್ತು ಏನು ಹಾಕೋದು? ಹಬ್ಬ ಬಂದರೆ ಶುಭಾಶಯ. ಸೋಮವಾರ ಒಂದು ನುಡಿಮುತ್ತು. ಏನೂ ಸಿಗದಿದ್ದರೆ ‘ಬೆಲ್ಲದ 10 ಉಪಯೋಗಗಳು’. ನೋಡಿದವರು ಲೈಕ್ ಒತ್ತಿ ಮುಂದೆ ಹೋಗುತ್ತಿದ್ದರು. ಯಾರೂ ತಿರುಗಿ ಬಂದು ಏನೂ ಕೇಳುತ್ತಿರಲಿಲ್ಲ. ಕೇಳುವಂಥದ್ದು ಅದರಲ್ಲಿ ಏನಿತ್ತು ಹೇಳಿ.

2023ರಲ್ಲಿ ಮಳೆ ಕೈಕೊಟ್ಟಿತು. ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಅಣೆಕಟ್ಟು, ತುಂಬಲಿಲ್ಲ. ಅಲ್ಲಿಂದ ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನಂಬಿಕೊಂಡವರ ಪಾಡು ನಿಮಗೆ ಗೊತ್ತೇ ಇದೆ. ಒಂದು ಸಂಜೆ ಮಾವನವರು ಬದುವಿನ ಮೇಲೆ ನಿಂತು ಕಬ್ಬಿನ ಗರಿ ಹಿಡಿದು ನೋಡುತ್ತಿದ್ದರು. ಗರಿ ಕೈಯಲ್ಲೇ ಪುಡಿಯಾಯಿತು. “ಇನ್ನೊಂದು ನೀರು ಸಿಕ್ಕಿದ್ರೆ ಸಾಕು ಕಣವ್ವ” ಅಂದರು. ನಾನು ಸುಮ್ನೆ ಫೋನಿನಲ್ಲಿ ಹಿಡಿದಿದ್ದೆ. ಹಾಕಲಾ ಮಾವ ಅಂತ ಕೇಳಿದೆ. ಹಾಕು ಅಂದರು.

ನಾಲ್ಕು ದಿನ ಬಿಟ್ಟು ಹುಬ್ಬಳ್ಳಿ ಕಡೆಯ ಒಬ್ಬ ತಾಯಿ ಬರೆದಿದ್ದರು: “ನಾಲೆಗೆ ನೀರು ಬಂತೇನವ್ವಾ?”

ಆಗ ಹೇಳೋಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಒಂದು ಎಕರೆ ಒಣಗಿ ಹೋಯಿತು. ಅದನ್ನೇ ಹೇಳಿದೆ. ಅವರು ನಮ್ಮಲ್ಲಿ ಒಂದು ಅಚ್ಚು ಬೆಲ್ಲವನ್ನೂ ಕೊಂಡವರಲ್ಲ. ಆದರೂ ನಾಲ್ಕು ದಿನ ನಮ್ಮ ಗದ್ದೆ ಅವರ ಮನಸ್ಸಿನಲ್ಲಿತ್ತು. ನಾನು ಕೆಲಸ ಕಲಿತದ್ದು ಆ ಒಂದು ಪ್ರಶ್ನೆಯಿಂದ.

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಹರಿಕಥೆ ದಾಸರು ಬರುತ್ತಿದ್ದರು. ದ್ರೌಪದಿಯನ್ನು ಸಭೆಗೆ ಎಳೆದು ತರುವ ಹೊತ್ತಿಗೆ ಸರಿಯಾಗಿ ಅವತ್ತಿನ ಮಂಗಳ ಹಾಡಿಬಿಡುತ್ತಿದ್ದರು. ಮಾರನೇ ರಾತ್ರಿ ಚಾಪೆ ಹಿಡಿದು ಓಡದೆ ಇರೋಕಾಗುತ್ತಿತ್ತಾ?

ಈಗ ನಾನು ಭಾನುವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ನೋಟ್‌ಬುಕ್ ಹಿಡಿದು ಕೂರುತ್ತೇನೆ. ಎಡಗಡೆ ಪುಟದಲ್ಲಿ ಈ ವಾರ ನಡೆದದ್ದು. ಬಲಗಡೆ ಪುಟದಲ್ಲಿ ಇನ್ನೂ ಬಾಕಿ ಇರುವುದು. ಕಡಿದ ಬುಡ ಮತ್ತೆ ಚಿಗುರಲಿ ಅಂತ ಕೂಳೆ ಬಿಡೋದಾ, ಅಗೆದು ಹೊಸ ನಾಟಿ ಮಾಡೋದಾ, ಇನ್ನೂ ತೀರ್ಮಾನ ಆಗಿಲ್ಲ. ಕೊಪ್ಪರಿಗೆಯ ತಳ ಸವೆದಿದೆ. ‘ನಿಮ್ಮ ಬೆಲ್ಲ ಯಾಕೆ ಕಪ್ಪು’ ಅಂತ ಮೂವರು ಕೇಳಿದ್ದಾರೆ. ಮುಂದಿನ ವಾರ ಏನು ಹಾಕಬೇಕು ಅನ್ನುವುದು ಆ ಬಲಗಡೆ ಪುಟದಲ್ಲೇ ಇರುತ್ತದೆ. ನಾನು ಹುಡುಕಿಕೊಂಡು ಹೋಗುವುದಿಲ್ಲ. ಕಬ್ಬು ಬಲಿಯೋಕೆ ಹೆಚ್ಚುಕಮ್ಮಿ ಒಂದು ವರ್ಷ ಬೇಕು. ನಾಟಿಯಿಂದ ಕಟಾವಿನವರೆಗೆ ವರ್ಷದ ಕಥೆ ಗದ್ದೆಯೇ ಹಾಕಿಕೊಟ್ಟಿರುತ್ತದೆ.

ಕಪ್ಪು ಬೆಲ್ಲದ ಮಾತು ತೆಗೆದುಕೊಳ್ಳಿ. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಪುಡಿ ಹಾಕುವುದುಂಟು. ನಾವು ಹಾಕುವುದಿಲ್ಲ. ಇಷ್ಟನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ನಾನು ನಾಲ್ಕು ವಾರ ತೆಗೆದುಕೊಂಡೆ. ಮೊದಲ ವಾರ ಅತ್ತೆ ಬೆಂಡೆ ಗಿಡ ಜಜ್ಜಿ ನೀರಿನಲ್ಲಿ ಕಿವುಚಿ ಲೋಳೆ ತೆಗೆದದ್ದು. ಎರಡನೇ ವಾರ ಆ ಲೋಳೆ, ಚೂರು ಸುಣ್ಣ ಬಿದ್ದ ಮೇಲೆ ಹಾಲಿನ ಕೊಳೆಯೆಲ್ಲಾ ನೊರೆಯಾಗಿ ಮೇಲೆ ಬಂದದ್ದು. ನಮ್ಮಲ್ಲಿ ಕಬ್ಬಿನ ರಸಕ್ಕೆ ಹಾಲು ಅಂತಲೇ ಅನ್ನುವುದು. ಮೂರನೇ ವಾರ ಪಾಕ. ಮಾವನವರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡುತ್ತಾರೆ. ಉಂಡೆ ಕಟ್ಟಿದರೆ ಕೊಪ್ಪರಿಗೆ ಇಳಿಸು ಅನ್ನುತ್ತಾರೆ. ಅವತ್ತು ಮೊದಲ ಸಲ ಉಂಡೆ ಕಟ್ಟಲಿಲ್ಲ. ವಿಡಿಯೋ ಅಲ್ಲಿಗೇ ನಿಲ್ಲಿಸಿದೆ. ಬೇಕಂತ ಕಟ್ಟಿದ ಕುತೂಹಲ ಅದಲ್ಲ, ನಿಜವಾಗಿ ನಾವೂ ಕಾಯುತ್ತಿದ್ದೆವು. ಅಚ್ಚಿಗೆ ಹುಯ್ಯುವ ವಾರ ಬರುವ ಹೊತ್ತಿಗೆ ನೋಡುವವರೇ ಒಬ್ಬರಿಗೊಬ್ಬರು ಬಣ್ಣದ ವಿಷಯ ಹೇಳಿಕೊಡುತ್ತಿದ್ದರು.

ಎಲ್ಲಿ ಏನು ಹಾಕಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಇನ್‌ಸ್ಟಾಗ್ರಾಂನಲ್ಲಿ ಸ್ಟೋರಿ 24 ಗಂಟೆಗೆ ಮಾಯವಾಗುತ್ತದೆ. ದಿನದ ಚಿಕ್ಕಪುಟ್ಟ ಸುದ್ದಿ ಅಲ್ಲಿಗೆ ಸಾಕು. ಉಳಿಯಬೇಕಾದದ್ದನ್ನು ಹೈಲೈಟ್‌ನಲ್ಲಿ ‘ನಾಲೆ’, ‘ಕೊಪ್ಪರಿಗೆ’ ಅಂತ ಹೆಸರು ಕೊಟ್ಟು ಕೂಡಿಸಿಡುತ್ತೇನೆ. ತಡವಾಗಿ ಬಂದವರು ಮೊದಲಿಂದ ನೋಡಬಹುದು. ರೀಲ್ಸ್ ನಮ್ಮ ಪರಿಚಯವೇ ಇಲ್ಲದವರಿಗೂ ಹೋಗುತ್ತದೆ. ಅದಕ್ಕೇ ರೀಲ್ಸ್‌ನಲ್ಲಿ ಹಿಂದಿನ ಕಥೆ ಒಂದು ಸಾಲು ಹೇಳಲೇಬೇಕು.

ಒಂದು ಮಳೆಗಾಲದಲ್ಲಿ ಮೈಸೂರಿನ ಅಂಗಡಿಯೊಂದರಿಂದ 30 ಕೆ.ಜಿ. ಬೆಲ್ಲ ವಾಪಸ್ ಬಂತು. ಥಂಡಿಗೆ ನೀರು ಬಿಟ್ಟಿತ್ತು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಅವತ್ತು ನಾನು ಏನೂ ಹಾಕಲಿಲ್ಲ. ಹೊಟ್ಟೆಯುರಿ ಇದ್ದಾಗ ಬಾಯಿಗೆ ಬಂದದ್ದೆಲ್ಲಾ ಹೇಳಿಬಿಡುತ್ತೇವೆ, ಅಲ್ವಾ? ಪಾಕ ಬರುವ ಮುಂಚೆ ಅಚ್ಚಿಗೆ ಹುಯ್ದ ಹಾಗೆ ಅದು. ವಾರ ಕಳೆದ ಮೇಲೆ ಆ ಅಂಟು ಬೆಲ್ಲ ತೋರಿಸಿ ಕೇಳಿದೆ: ನಿಮ್ಮನೆ ಅಜ್ಜಿಯರು ಮಳೆಗಾಲದಲ್ಲಿ ಬೆಲ್ಲ ಹೇಗೆ ಇಡುತ್ತಿದ್ದರು? ಎಷ್ಟು ಜನ ಬರೆದರು ಅಂದರೆ, ಮೂರು ವಾರ ಅವರ ಉತ್ತರಗಳನ್ನೇ ಒಂದೊಂದಾಗಿ ಮಾಡಿ ತೋರಿಸಿದೆ.

ನಮ್ಮ ಬದುಕಿನ ಕಥೆ ಅಂದರೆ ಮನೆಯವರೆಲ್ಲರ ಬದುಕೂ ಅದರಲ್ಲಿ ಬರುತ್ತದೆ. ಅತ್ತೆ ಮೊದಲೇ ಹೇಳಿದ್ದರು, “ನನ್ನ ಕೈ ತೋರ್ಸು, ಮುಖ ಬ್ಯಾಡ.” ಇವತ್ತಿಗೂ ಅವರ ಕೈ ಮಾತ್ರ ಕಾಣುತ್ತದೆ. ಸಾಲದ ವಿಷಯ, ಮಕ್ಕಳ ವಿಷಯ ನಾನು ಹೇಳುವುದಿಲ್ಲ. ಆ ಪುಟಗಳು ನೋಟ್‌ಬುಕ್‌ನಲ್ಲೂ ಇಲ್ಲ.

2024ರ ಜುಲೈನಲ್ಲಿ ಕಟ್ಟೆ ತುಂಬಿತು. ಕಟ್ಟೆಯ ಪೂರ್ತಿ ಮಟ್ಟ 124.80 ಅಡಿ. ನಾಲೆಯಲ್ಲಿ ಕೆಂಪು ನೀರು ಬಂತು. ಮಾವನವರು ಅದೇ ಬದುವಿನ ಮೇಲೆ, ಪಂಚೆ ಮೇಲಕ್ಕೆ ಕಟ್ಟಿ, ಸನಿಕೆ ಹಿಡಿದು ನೀರು ತಿರುಗಿಸುತ್ತಿದ್ದರು. ಆ ವಿಡಿಯೋ ಬೇರೆ ಯಾರಿಗೂ ತೋರಿಸುವ ಮೊದಲು ಹುಬ್ಬಳ್ಳಿಯ ತಾಯಿಗೆ ಕಳಿಸಿದೆ. “ಬಂತು ಅಮ್ಮ” ಅಂತ ಬರೆದೆ.

ಸಂಜೆ ಉತ್ತರ ಬಂತು. “ಭಾಳ ಚಲೋ ಆತು. ಮತ್ತ ಕಬ್ಬು ಯಾವಾಗ ಕಡೀತೀರಿ?”

ಬಲಗಡೆ ಪುಟದಲ್ಲಿ ಬರೆದುಕೊಂಡೆ. ನಮಸ್ಕಾರ.