ರಸ್ತೆಯಂಚಿನ ಲೆಕ್ಕ: ಸಣ್ಣ ಪ್ರವಾಸಿ ಊರುಗಳಲ್ಲಿ ವಾಹನ ನಿಲುಗಡೆ, ಸಾರಿಗೆ ಮತ್ತು ಬೀದಿ ಕಾಮಗಾರಿ

ಮಾನ್ಯ ಅಧ್ಯಕ್ಷರೇ, ಪುರಸಭೆಗಳ ಚುನಾಯಿತ ಸದಸ್ಯರೇ, ವರ್ತಕರ ಸಂಘಗಳ ಪದಾಧಿಕಾರಿಗಳೇ, ಎಂಜಿನಿಯರ್ ಮಿತ್ರರೇ,

ಸಣ್ಣ ಪ್ರವಾಸಿ ಊರಿನಲ್ಲಿ ರಜೆಯ ದಿನ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂಬುದನ್ನು ಈ ಸಭೆಗೆ ನಾನು ವಿವರಿಸಿ ಹೇಳಬೇಕಾಗಿಲ್ಲ. ಆ ದೂರು ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಮತ್ತೆ ಮತ್ತೆ ಬರುತ್ತದೆ, ಅದರ ಬೆನ್ನಿಗೇ ಬಹುಮಹಡಿ ಪಾರ್ಕಿಂಗ್ ಕಟ್ಟಡದ ಪ್ರಸ್ತಾವವೂ ಬರುತ್ತದೆ. ನನಗೆ ಇಂದು ಒಪ್ಪಿಸಿರುವ ವಿಷಯಕ್ಕೆ ಮೂರು ಕವಲುಗಳಿವೆ: ವಾಹನ ನಿಲುಗಡೆ, ಸಾರ್ವಜನಿಕ ಸಾರಿಗೆ ಮತ್ತು ಬೀದಿ ಕಾಮಗಾರಿ. ಮೂರಕ್ಕೂ ಸೇರಿ ನಾನು ಹೇಳಬೇಕೆಂದು ಬಂದಿರುವ ಮಾತು ಒಂದೇ. ಊರಿನ ರಸ್ತೆಯಂಚನ್ನು ಯಾರು, ಎಷ್ಟು ಹೊತ್ತು, ಯಾತಕ್ಕಾಗಿ ಬಳಸುತ್ತಿದ್ದಾರೆ ಎಂಬುದನ್ನು ಎಣಿಸಿ ನೋಡದೆ ಹೊಸದಾಗಿ ಏನನ್ನೂ ಕಟ್ಟಬಾರದು.

ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಸಾಕು ಎನಿಸುತ್ತದೆ. ಆದರೆ ಅದು ಒಳಗೆ ಬರುವ, ತಿರುಗುವ, ಹೊರಗೆ ಹೋಗುವ ದಾರಿಯನ್ನೂ ಸೇರಿಸಿದರೆ ಕಾರೊಂದಕ್ಕೆ 25ರಿಂದ 30 ಚದರ ಮೀಟರ್ ನೆಲ ತಗಲುತ್ತದೆ. ನೂರು ಕಾರುಗಳಿಗೆ ಮುಕ್ಕಾಲು ಎಕರೆಯ ಹತ್ತಿರ ಬೇಕಾಗುತ್ತದೆ. ಊರಿನ ನಡುವೆ ಅಷ್ಟು ನೆಲ ಎಲ್ಲಿದೆ? ಇದ್ದರೂ ಅದನ್ನು ಯಾವ ದಿನದ ದಟ್ಟಣೆಗೆ ಅಳತೆ ಮಾಡಿ ಕಟ್ಟುತ್ತೇವೆ? ವರ್ಷಕ್ಕೊಮ್ಮೆ ಬರುವ ನೆಂಟರ ತಲೆ ಎಣಿಸಿ ಯಾರೂ ಮನೆ ಕಟ್ಟಿಸುವುದಿಲ್ಲ. ಊರಿನ ವಿಷಯ ಬಂದಾಗ ಮಾತ್ರ ಸೀಸನ್ನಿನ ಕೆಲವೇ ದಿನಗಳ ಲೆಕ್ಕ ಹಿಡಿದು ಕಾಂಕ್ರೀಟು ಹಾಕುತ್ತೇವೆ. ಮಿಕ್ಕ ದಿನಗಳಲ್ಲಿ ಕಟ್ಟಡ ಖಾಲಿ ನಿಂತಿರುತ್ತದೆ, ಸಾಲದ ಕಂತು ಮಾತ್ರ ತಪ್ಪದೆ ಕಟ್ಟಬೇಕಾಗುತ್ತದೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆಯೊಂದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಲು ಅಪ್ಪಣೆ ಕೊಡಬೇಕು. ಅಮೆರಿಕದ ಕೊಲೊರಾಡೊ ರಾಜ್ಯದ ಆಸ್ಪೆನ್ ಏಳು ಸಾವಿರದ ಆಸುಪಾಸಿನ ಜನಸಂಖ್ಯೆಯ ಗುಡ್ಡಗಾಡಿನ ಊರು. ಒಂದು ಕಾಲಕ್ಕೆ ಬೆಳ್ಳಿಯ ಗಣಿಯಿಂದ ಬದುಕಿ, ಆಮೇಲೆ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕೆ ಹೆಸರಾಯಿತು. ಅಲ್ಲಿಯೂ ಜಾಗ ಸಾಲದು ಎಂಬ ಕೂಗು ಎದ್ದಾಗ, ನಗರಾಡಳಿತ 1990ರ ದಶಕದ ಆರಂಭದಲ್ಲಿ ಬಹಳ ಖರ್ಚು ಮಾಡಿ ಪೇಟೆಯ ಸಮೀಪದಲ್ಲೇ ನೆಲದಡಿ ಪಾರ್ಕಿಂಗ್ ಕಟ್ಟಿಸಿತು. ಜನ ಅದರೊಳಗೆ ಹೋಗಲಿಲ್ಲ. ದಟ್ಟಣೆಯ ಹೊತ್ತಿನಲ್ಲೂ ಅದು ಅರೆಬರೆ ಖಾಲಿ ಇರುತ್ತಿತ್ತು, ಮೇಲೆ ಬೀದಿಯಲ್ಲಿ ಮಾತ್ರ ಕಾಲಿಡಲು ಜಾಗವಿರಲಿಲ್ಲ. ಕಾರಣ ಸರಳವಾಗಿತ್ತು. ಕಟ್ಟಡದೊಳಗೆ ಹಣ ಕೊಡಬೇಕಾಗಿತ್ತು. ಅಂಗಡಿಯ ಮುಂದಿನ ರಸ್ತೆಯಂಚು, ಅಂದರೆ ಎಲ್ಲರಿಗೂ ಬೇಕಾದ ಜಾಗ, ಪುಕ್ಕಟೆಯಾಗಿತ್ತು. ಬೀದಿಯಲ್ಲಿ 90 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬಾರದೆಂಬ ನಿಯಮವೇನೋ ಇತ್ತು. ಆದರೆ ಪೇಟೆಯಲ್ಲಿ ಕೆಲಸ ಮಾಡುವವರು ತೊಂಬತ್ತು ನಿಮಿಷ ಆಗುತ್ತಿದ್ದಂತೆ ಕೈಲಿದ್ದ ಕೆಲಸ ಬಿಟ್ಟು ಹೊರಗೆ ಓಡಿ, ಕಾರನ್ನು ಒಂದು ಜಾಗದಿಂದ ತೆಗೆದು ಇನ್ನೊಂದು ಜಾಗದಲ್ಲಿ ನಿಲ್ಲಿಸಿ, ಮತ್ತೆ ಒಳಗೆ ಬರುತ್ತಿದ್ದರು. ಇಡೀ ಊರು ದಿನವಿಡೀ ಕಾರುಗಳನ್ನು ಅದಲು ಬದಲು ಮಾಡುತ್ತಿತ್ತು. ದೂರದಿಂದ ಬಂದ ಪ್ರವಾಸಿಗೆ ಕಂಡದ್ದು ತುಂಬಿದ ಬೀದಿ. ಆ ಬೀದಿಯನ್ನು ತುಂಬಿಸಿದ್ದವರು ಊರಿನಲ್ಲಿ ದುಡಿಯುವವರೇ.

1995ರ ಆರಂಭದಲ್ಲಿ ಆಸ್ಪೆನ್ ಬೀದಿಗೂ ಶುಲ್ಕ ವಿಧಿಸಿತು; ಪೇಟೆಯ ನಟ್ಟನಡುವೆ ಹೆಚ್ಚು, ದೂರ ಹೋದಂತೆ ಕಡಿಮೆ. ಊರಿಗೆ ಊರೇ ಸಿಡಿದೆದ್ದಿತು. ‘ಶುಲ್ಕ ಬೇಡವೆನ್ನುವವರು ಹಾರ್ನ್ ಹೊಡೆಯಿರಿ’ ಎಂಬ ಚಳವಳಿ ಕಟ್ಟಿದರು. ಹಾರ್ನ್ ಹೊಡೆದೂ ಹೊಡೆದೂ ಬೀದಿಯ ಕಿವಿ ಕಿವುಡಾಗುವಂತಾಯಿತು. ಇಲ್ಲಿ ಕುಳಿತಿರುವ ಸದಸ್ಯರು ಆ ಸದ್ದನ್ನು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಆಡಳಿತ ಅಂಜಿ ಹಿಂದೆ ಸರಿಯಲಿಲ್ಲ, ಜನರ ಮೇಲೆ ಹರಿಹಾಯಲೂ ಇಲ್ಲ. ಹೊಸ ವ್ಯವಸ್ಥೆ ಅರ್ಥವಾಗದೆ ತಡಕಾಡುವವರಿಗೆ ಒಂದು ಗಂಟೆ ಉಚಿತವಾಗಿ ನಿಲ್ಲಿಸುವ ಚೀಟಿಯನ್ನು ಸಿಬ್ಬಂದಿಯ ಕೈಯಲ್ಲೇ ಕೊಟ್ಟು ಕಳಿಸಿತು, ಮೊದಲ ತಪ್ಪಿಗೆ ದಂಡವನ್ನು ಬಿಟ್ಟುಕೊಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ವಿಷಯ ಮತಪೆಟ್ಟಿಗೆಯ ಮುಂದೆ ಬಂದಾಗ, ಹಾರ್ನ್ ಹೊಡೆದಿದ್ದ ಅದೇ ಊರು, ಒಬ್ಬರು ಬೇಡವೆಂದರೆ ಮೂವರು ಬೇಕೆನ್ನುವ ಬಹುಮತದಿಂದ ಶುಲ್ಕವನ್ನು ಉಳಿಸಿಕೊಂಡಿತು. ಆ ಕೆಲವು ತಿಂಗಳಲ್ಲಿ ಊರು ಒಂದು ಅಡಿ ನೆಲವನ್ನೂ ಹೊಸದಾಗಿ ಕೊಂಡಿರಲಿಲ್ಲ. ಇದ್ದ ನೆಲದ ಬಳಕೆ ಬದಲಾಗಿತ್ತು, ಅಷ್ಟೇ.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ನಿಲುಗಡೆಯನ್ನೇ ಅಧ್ಯಯನ ಮಾಡಿ, 2025ರಲ್ಲಿ ನಮ್ಮನ್ನು ಅಗಲಿದ ಡೊನಾಲ್ಡ್ ಶೂಪ್ ಅವರು ತಮ್ಮ ವಿಶ್ವವಿದ್ಯಾಲಯದ ಪಕ್ಕದ ವೆಸ್ಟ್‌ವುಡ್ ವಿಲೇಜ್ ಎಂಬ ಪೇಟೆಯನ್ನು ಅಳೆದರು. ಅಲ್ಲಿ ಜಾಗ ಹುಡುಕಲು ಒಬ್ಬರಿಗೆ ತಗಲುತ್ತಿದ್ದುದು ಸರಾಸರಿ 3.3 ನಿಮಿಷ ಮಾತ್ರ. ಬರೀ ಹದಿನೈದು ಬ್ಲಾಕ್‌ಗಳ ಪೇಟೆ ಅದು. ಆದರೂ ಜಾಗ ಹುಡುಕುತ್ತಾ ಸುತ್ತಿದ ಕಾರುಗಳು ವರ್ಷಕ್ಕೆ ಕ್ರಮಿಸಿದ ದೂರ ಭೂಮಿಯನ್ನು 38 ಸಲ ಸುತ್ತಿದಷ್ಟಾಗಿತ್ತು. ನಮ್ಮ ಕಣ್ಣಿಗೆ ದಟ್ಟಣೆಯಾಗಿ ಕಾಣುವುದರಲ್ಲಿ ಎಲ್ಲಿಗೂ ಹೋಗದೆ ಸುಮ್ಮನೆ ಸುತ್ತುವ ವಾಹನಗಳೂ ಇರುತ್ತವೆ. ಶೂಪ್ ಅವರ ಸಲಹೆ ಇಷ್ಟು: ರಸ್ತೆಯಂಚಿನ ನೂರರಲ್ಲಿ ಸುಮಾರು 85 ಜಾಗಗಳು ತುಂಬಿ, ಪ್ರತಿ ಬೀದಿಯಲ್ಲೂ ಒಂದೆರಡು ಜಾಗ ಸದಾ ತೆರವಾಗಿರುವಂತೆ ಶುಲ್ಕವನ್ನು ಇಡಬೇಕು. ತೆರವಾಗಿ ಕಂಡ ಜಾಗ ವ್ಯರ್ಥವಾಯಿತೆಂದು ಭಾವಿಸುವವರಿದ್ದಾರೆ. ಮುಂದೆ ಬರುವ ಕಾರು ಸುತ್ತದೆ ನಿಲ್ಲುವುದು ಆ ಜಾಗದಿಂದಲೇ.

ಇನ್ನು ಎಣಿಕೆಯ ವಿಷಯ. ಇದಕ್ಕೆ ಸಲಹಾ ಸಂಸ್ಥೆಯಾಗಲಿ ದುಬಾರಿ ಉಪಕರಣವಾಗಲಿ ಬೇಕಾಗಿಲ್ಲ. ದಟ್ಟಣೆಯ ಒಂದು ದಿನ, ಸಾಧಾರಣವಾದ ಒಂದು ದಿನ ಆರಿಸಿಕೊಳ್ಳಿ. ಇಬ್ಬರು ವಿದ್ಯಾರ್ಥಿಗಳ ಕೈಗೆ ನೋಟು ಪುಸ್ತಕ ಕೊಟ್ಟು ಮುಖ್ಯ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಗಂಟೆಗೊಮ್ಮೆ ನಡೆಯಲು ಹೇಳಿ. ಪ್ರತಿ ಜಾಗದಲ್ಲಿ ನಿಂತಿರುವ ವಾಹನದ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿಗಳನ್ನು ಅವರು ಬರೆದುಕೊಂಡರೆ ಸಾಕು. ಸಂಜೆ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಊರಿನ ಕಥೆಯೆಲ್ಲ ಅಲ್ಲಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕಂಡ ನಾಲ್ಕು ಅಂಕಿ ಹನ್ನೊಂದಕ್ಕೂ ಒಂದಕ್ಕೂ ಐದಕ್ಕೂ ಅದೇ ಸಾಲಿನಲ್ಲಿದ್ದರೆ ಅದು ನೋಡಲು ಬಂದವರ ಕಾರಲ್ಲ, ಕೆಲಸಕ್ಕೆ ಬಂದವರದ್ದು. ಎರಡು ಬೀದಿಗಳಾಚೆಯ ಮೈದಾನ ಅದೇ ಹೊತ್ತಿಗೆ ಅರ್ಧ ಖಾಲಿಯಿತ್ತೇ ಎಂಬುದೂ ಅದೇ ಪುಸ್ತಕದಲ್ಲಿರುತ್ತದೆ. ಈ ಎಣಿಕೆಯ ಹಾಳೆ ಇಲ್ಲದೆ ಪಾರ್ಕಿಂಗ್ ಕಟ್ಟಡದ ಕಡತಕ್ಕೆ ಸಹಿ ಹಾಕಬೇಡಿ ಎಂದು ಸದಸ್ಯರಲ್ಲಿ ನನ್ನ ಕಳಕಳಿಯ ಪ್ರಾರ್ಥನೆ.

ವರ್ತಕರ ಆತಂಕವನ್ನು ನಾನು ಹಗುರವಾಗಿ ಕಾಣುವವನಲ್ಲ. ಬಾಗಿಲ ಮುಂದೆ ಕಾರು ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲವೆಂಬ ಭಯ ಅವರ ಹೊಟ್ಟೆಪಾಡಿನ ಭಯ. ಕ್ಯಾಲಿಫೋರ್ನಿಯಾದ ಪಾಸಡೀನಾ ನಗರದ ಹಳೆಯ ಪೇಟೆಯ ವರ್ತಕರಲ್ಲೂ ಅದೇ ಭಯವಿತ್ತು. ಅಲ್ಲಿ 1993ರಲ್ಲಿ ರಸ್ತೆಯಂಚಿನ ನಿಲುಗಡೆಗೆ ಹಣ ವಸೂಲು ಮಾಡುವ ಮೀಟರ್‌ಗಳನ್ನು ಹಾಕುವ ಮುನ್ನ ಆಡಳಿತ ಕೊಟ್ಟ ಭರವಸೆ ಮುಖ್ಯವಾದದ್ದು: ಮೀಟರಿನ ನಿವ್ವಳ ಆದಾಯವೆಲ್ಲ ಅದೇ ಪೇಟೆಯ ಫುಟ್‌ಪಾತಿಗೆ, ದೀಪಕ್ಕೆ, ಮರಗಳಿಗೆ, ಶುಚಿತ್ವಕ್ಕೆ ಖರ್ಚಾಗಬೇಕು. ಆ ಮಾತಿನಿಂದ ವಿರೋಧ ಕರಗಿತು, ಪಾಳು ಬೀಳುತ್ತಿದ್ದ ಪೇಟೆ ಮತ್ತೆ ಜನ ತುಂಬಿದ ಪೇಟೆಯಾಯಿತು. ಶುಲ್ಕದ ಹಣ ಸಾಮಾನ್ಯ ನಿಧಿಗೆ ಹೋಗಿ ಕಣ್ಮರೆಯಾದರೆ ಅದು ಜನರಿಗೆ ದಂಡವಾಗಿಯೇ ಕಾಣುತ್ತದೆ. ಅದೇ ಹಣದಿಂದ ಬೀದಿಯಲ್ಲೊಂದು ಶುಚಿಯಾದ ಶೌಚಾಲಯ ಎದ್ದು, ಅದರ ಬಾಗಿಲ ಮೇಲೆ ಈ ತಿಂಗಳ ವಸೂಲಿ ಮತ್ತು ಖರ್ಚು ಬರೆದಿದ್ದರೆ, ಮುಂದಿನ ಸಭೆಯಲ್ಲಿ ಶುಲ್ಕದ ಪರವಾಗಿ ವರ್ತಕರೇ ಮಾತನಾಡುತ್ತಾರೆ.

ಸಾರಿಗೆಯ ವಿಷಯಕ್ಕೆ ಬರುತ್ತೇನೆ. ಊರ ಹೊರಗೆ ಕಾರು ನಿಲ್ಲಿಸಿ, ಬಸ್ಸು ಹತ್ತಿ ಒಳಗೆ ಬನ್ನಿ ಎಂದು ಫಲಕ ಹಾಕುವುದು ಸುಲಭ. ಜನ ಹತ್ತಬೇಕಾದರೆ ಬಸ್ಸು ಮೇಲಿಂದ ಮೇಲೆ ಬರಬೇಕು. ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಪೆಟ್ರೋಲ್, ಡೀಸೆಲ್ ಕಾರುಗಳನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. ಐದು ಕಿಲೋಮೀಟರ್ ಕೆಳಗಿನ ಟೇಶ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಾರುಗಳಿಗೆ ಸೂರಿನಡಿ ಜಾಗವಿದೆ, ಅಲ್ಲಿಂದ ಇಪ್ಪತ್ತು ನಿಮಿಷಕ್ಕೊಂದು ರೈಲು ಹನ್ನೆರಡು ನಿಮಿಷದಲ್ಲಿ ಊರು ಸೇರಿಸುತ್ತದೆ. ಸಾಮಾನು ಸಾಗಿಸಲು ಕೈಗಾಡಿ ಸಿಗುತ್ತದೆ. ಆ ಕೈಗಾಡಿ ಇಲ್ಲದಿದ್ದರೆ ಮಕ್ಕಳು, ಮುದುಕರು, ನಾಲ್ಕು ಪೆಟ್ಟಿಗೆಗಳನ್ನು ಕಟ್ಟಿಕೊಂಡು ಬಂದ ಕುಟುಂಬ ರೈಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅಮೆರಿಕದ ಯೂಟಾ ರಾಜ್ಯದ ಸ್ಪ್ರಿಂಗ್‌ಡೇಲ್ ಇನ್ನೂ ಪುಟ್ಟ ಊರು. ಅಲ್ಲಿರುವವರು ಐನೂರರ ಆಸುಪಾಸು, ಅದರ ಬಾಗಿಲಲ್ಲಿರುವ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಬರುವವರು ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು. 2000ನೇ ಇಸವಿಯಿಂದ ಅಲ್ಲಿ ಶಟಲ್ ಬಸ್ ಓಡುತ್ತಿದೆ, ಸೀಸನ್ನಿನಲ್ಲಿ ಕಣಿವೆಯ ರಸ್ತೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. ಬಸ್ಸಿನ ಒಂದು ಮಾರ್ಗ ಊರಿನ ಹೋಟೆಲುಗಳ ಮುಂದೆ ಹಾದು ಉದ್ಯಾನದ ಬಾಗಿಲಿಗೆ ಹೋದರೆ, ಇನ್ನೊಂದು ಒಳಗೆ ಓಡುತ್ತದೆ. ಕಣಿವೆ ಉಸಿರಾಡಿತು, ಆದರೆ ಉದ್ಯಾನಕ್ಕೆ ಬಂದವರ ಕಾರುಗಳು ಊರಿನ ರಸ್ತೆಯಂಚಿಗೆ ಬಂದು ನಿಂತವು, ಕೊನೆಗೆ ಆ ಊರೂ ಬೀದಿಯ ನಿಲುಗಡೆಗೆ ಶುಲ್ಕ ಹಾಕಬೇಕಾಯಿತು. ಬಸ್ಸನ್ನೂ ರಸ್ತೆಯಂಚನ್ನೂ ಎರಡು ಇಲಾಖೆಗಳ ಎರಡು ಕಡತಗಳಲ್ಲಿ ಇಟ್ಟರೆ ಒಂದರ ತೊಂದರೆ ಇನ್ನೊಂದಕ್ಕೆ ದಾಟುತ್ತದೆ. ಹಾಗಾಗಿಯೇ ಮತ್ತೆ ಹೇಳುತ್ತೇನೆ, ಬಸ್ಸು ಬಿಡುವ ಮುನ್ನವೂ ಎಣಿಸಿ, ಬಿಟ್ಟ ಮೇಲೂ ಎಣಿಸಿ. ವೇಳಾಪಟ್ಟಿಯನ್ನು ಪ್ರವಾಸಿಗರಿಗಾಗಿ ಮಾತ್ರ ಮಾಡಬೇಡಿ. ರಾತ್ರಿ ಹೋಟೆಲಿನ ಅಡುಗೆಮನೆ ತೊಳೆದು ಮನೆಗೆ ಹೊರಡುವವರಿಗೆ ಕೊನೆಯ ಬಸ್ಸು ಸಿಗದಿದ್ದರೆ ಅವರು ಮಾರನೆಯ ದಿನ ತಮ್ಮ ವಾಹನದಲ್ಲೇ ಬರುತ್ತಾರೆ, ಅದು ಹತ್ತು ಗಂಟೆಯಿಂದ ಐದರವರೆಗೆ ನಾವು ಎಣಿಸಿದ ಅದೇ ಸಾಲಿನಲ್ಲಿ ನಿಲ್ಲುತ್ತದೆ.

ಬರುವವರ ಸಂಖ್ಯೆಗೇ ಮಿತಿ ಹಾಕುವ ದಾರಿಯೂ ಇದೆ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಏಳೆಂಟು ನೂರು ಜನ ವಾಸಿಸುತ್ತಾರೆ; ಅಲ್ಲಿಗೆ ಬರುವ ಪ್ರವಾಸಿ ಬಸ್ಸುಗಳು 2020ರಿಂದ ಮುಂಗಡವಾಗಿ ಹೊತ್ತು ಕಾಯ್ದಿರಿಸಬೇಕು, ಬಂದ ಮೇಲೆ ಕನಿಷ್ಠ ಎರಡೂವರೆ ಗಂಟೆ ನಿಲ್ಲಬೇಕು. ಚಿತ್ರ ತೆಗೆದುಕೊಂಡು ಓಡಿಹೋಗುವ ಬಸ್ಸಿನಿಂದ ಊರಿಗೆ ಹೊಗೆಯಲ್ಲದೆ ಬೇರೇನೂ ದಕ್ಕುವುದಿಲ್ಲ ಎಂಬುದನ್ನು ಅವರು ಅರಿತಿದ್ದರು. ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ, ಕೊಡೈಕೆನಾಲ್‌ಗಳಿಗೆ 2024ರ ಮೇ 7ರಿಂದ ಇ-ಪಾಸ್ ಬಂದದ್ದು, 2025ರ ಏಪ್ರಿಲ್‌ನಿಂದ ಊಟಿಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿ ಗೊತ್ತುಪಡಿಸಿದ್ದು ನಿಮಗೆಲ್ಲ ತಿಳಿದಿದೆ. ಸರ್ಕಾರಿ ಬಸ್ಸಿನಲ್ಲೂ ರೈಲಿನಲ್ಲೂ ಬರುವವರಿಗೆ ಆ ಮಿತಿಯಿಲ್ಲ ಎಂಬ ಅಂಶ ನನಗೆ ಎಲ್ಲಕ್ಕಿಂತ ಸರಿಯೆನಿಸುತ್ತದೆ. ಅದು ಜನರನ್ನು ತಡೆಯದೆ ವಾಹನಗಳನ್ನು ತಡೆಯುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೀದಿ ಕಾಮಗಾರಿಯ ಬಗ್ಗೆ ನಾನು ಸಿದ್ಧಪಡಿಸಿದ್ದನ್ನೆಲ್ಲ ಹೇಳಲು ಹೊತ್ತಿಲ್ಲ, ಎರಡು ಮಾತು ಮಾತ್ರ ಹೇಳುತ್ತೇನೆ. ಮೊದಲನೆಯದು, ಒಂದೇ ಸಲ ಅಗೆಯಿರಿ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ಮಳೆನೀರಿನ ಚರಂಡಿ ಇವುಗಳ ಇಲಾಖೆಗಳನ್ನು ಟೆಂಡರಿಗೆ ಮುನ್ನವೇ ಒಂದು ಮೇಜಿಗೆ ಕರೆಯಿರಿ, ಕೆಲಸವನ್ನು ಸೀಸನ್ನಿನ ಹೊರಗಿಡಿ, ಇಡೀ ಬೀದಿಯನ್ನು ಒಟ್ಟಿಗೆ ಬಗೆಯದೆ ಒಂದೊಂದು ತುಂಡಾಗಿ ಮುಗಿಸುವ ಷರತ್ತನ್ನು ಕರಾರಿನಲ್ಲೇ ಬರೆಸಿ. ಕಾಮಗಾರಿ ನಡೆಯುವಾಗ ಪ್ರತಿ ಅಂಗಡಿಯ ಬಾಗಿಲಿಗೂ ಗಾಲಿಕುರ್ಚಿ ಹಾಯುವಂಥ ಹಲಗೆಯ ದಾರಿ ಇರಬೇಕು. ಎರಡನೆಯದು, ಕಲ್ಲು ಹಾಸುವ ಮುನ್ನ ಬಣ್ಣದಲ್ಲಿ ಗೆರೆ ಎಳೆದು, ಹೂಕುಂಡ ಇಟ್ಟು ಪರೀಕ್ಷಿಸಿ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಂಥ ಜಾಗವನ್ನೇ 2009ರಲ್ಲಿ ಮಡಚುವ ಕುರ್ಚಿಗಳನ್ನಿಟ್ಟು ನಡೆಯುವವರಿಗೆ ಬಿಟ್ಟುಕೊಟ್ಟು ನೋಡಿದರು. ಅಲ್ಲಿಂದ ವರ್ಷದೊಳಗೆ ಅದನ್ನು ಶಾಶ್ವತಗೊಳಿಸುವ ತೀರ್ಮಾನವಾಯಿತು. ಗೆರೆ ತಪ್ಪಿದ್ದರೆ ಅಳಿಸಬಹುದು, ಕಲ್ಲು ತಪ್ಪಿದ್ದರೆ ಕಿತ್ತು ಹಾಕಲು ಮತ್ತೊಂದು ಟೆಂಡರ್ ಬೇಕು.

ಸರಕು ಇಳಿಸುವ ವಾಹನಗಳ ಹೊತ್ತು, ಅಂಗವಿಕಲರಿಗೆ ಮೀಸಲಾದ ಜಾಗ, ದ್ವಿಚಕ್ರ ವಾಹನಗಳ ಸಾಲು ಇವು ಮೂರೂ ಉಳಿದವು. ಎಣಿಕೆಯ ಹಾಳೆಯ ಮಾದರಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಪ್ರತಿ ಪುರಸಭೆಯವರೂ ಒಂದೊಂದು ಪ್ರತಿ ತೆಗೆದುಕೊಳ್ಳಿ. ಉಳಿದದ್ದನ್ನು ನಿಮ್ಮ ಪ್ರಶ್ನೆಗಳ ಜೊತೆಗೆ ಮಾತನಾಡೋಣ.