ಎರಡು ತಂತಿಯ ಪಿಟೀಲು

ಕೇಳುಗರಿಗೆ ನಮಸ್ಕಾರ.

2005ನೇ ಇಸವಿ. ಅಮೆರಿಕದ ಲಾಸ್ ಏಂಜಲೀಸ್ ನಗರ. ಅಲ್ಲಿನ ಪತ್ರಿಕೆಯೊಂದರ ಅಂಕಣಕಾರ ಸ್ಟೀವ್ ಲೋಪೆಜ್ ರಸ್ತೆಯಲ್ಲಿ ಹೋಗುವಾಗ ಪಿಟೀಲಿನ ದನಿ ಕೇಳಿಸಿತು. ನುಡಿಸುತ್ತಿದ್ದವರು ಬೀದಿಯಲ್ಲೇ ಮಲಗುವ ಮನುಷ್ಯ. ಆಸ್ತಿ ಎಲ್ಲ ಒಂದು ತಳ್ಳುಗಾಡಿಯಲ್ಲಿ. ಪಿಟೀಲಿಗೆ ನಾಲ್ಕು ತಂತಿ ಇರಬೇಕಲ್ವಾ? ಅದಕ್ಕಿದ್ದದ್ದು ಎರಡೇ. ಆ ಜಾಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಹತ್ತಿರದಲ್ಲೇ ಪಾಶ್ಚಾತ್ಯ ಸಂಗೀತದ ಮಹಾ ಸಂಯೋಜಕ ಬೀಥೋವನ್ನರ ಪ್ರತಿಮೆ ಇತ್ತು.

ಅವರು ನಥಾನಿಯಲ್ ಏಯರ್ಸ್. ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆ ಅಂದರೆ ಸಂಗೀತಗಾರರಿಗೆ ದೊಡ್ಡ ಹೆಸರು. 1970ರ ದಶಕದ ಆರಂಭದಲ್ಲಿ ಅವರು ಅಲ್ಲಿ ಡಬಲ್ ಬೇಸ್ ಎಂಬ, ಆಳೆತ್ತರದ ಪಿಟೀಲಿನಂಥ ವಾದ್ಯ ಕಲಿಯುತ್ತಿದ್ದರು. ಓದು ಮುಗಿಯುವ ಮೊದಲೇ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಬಂತು. ಯಾರೂ ಇಲ್ಲದ ಕಡೆ ಮಾತು ಕೇಳಿಸುವುದು, ಇಲ್ಲದ ಸಂಶಯ, ಜನರನ್ನು ಕಂಡರೆ ಭಯ. ಈ ಕಾಯಿಲೆ ಸಾಮಾನ್ಯವಾಗಿ ಹರೆಯದಲ್ಲೇ ಶುರುವಾಗುತ್ತದೆ. ಮನೆಯವರು ಮಗ ಕೆಟ್ಟ ಅಂತಲೋ, ಗಾಳಿ ಹಿಡಿಯಿತು ಅಂತಲೋ ತಿಳಿಯುತ್ತಾರೆ.

ಲೋಪೆಜ್ ತಮ್ಮ ಅಂಕಣದಲ್ಲಿ ಏಯರ್ಸ್ ಬಗ್ಗೆ ಬರೆದರು. ಓದಿದವರು ಪಿಟೀಲು, ಅದಕ್ಕಿಂತ ದೊಡ್ಡದಾದ ಚೆಲ್ಲೋ ಕಳಿಸಿದರು. ಈಗ ಹೊಸ ಚಿಂತೆ. ಬೀದಿಯಲ್ಲಿ ಒಳ್ಳೆಯ ವಾದ್ಯ ಇಟ್ಟುಕೊಂಡರೆ ಯಾರಾದರೂ ಹೊಡೆದು ಕಸಿದುಕೊಳ್ಳುತ್ತಾರೆ. ಅದಕ್ಕೆ ಮನೋರೋಗಿಗಳಿಗೆ ನೆರವಾಗುವ ಒಂದು ಕೇಂದ್ರದಲ್ಲಿ ವಾದ್ಯಗಳನ್ನು ಇಟ್ಟರು. ನುಡಿಸಬೇಕಾದರೆ ಅಲ್ಲಿಗೇ ಬರಬೇಕು. ಏಯರ್ಸ್ ಮೊದಲು ಒಲ್ಲೆ ಅಂದರು. ನಿಧಾನಕ್ಕೆ ಬರತೊಡಗಿದರು. ಕೋಣೆ ಕೊಟ್ಟರೂ ಒಳಗೆ ಮಲಗಲು ಬಹಳ ದಿನ ಹಿಡಿಯಿತು. ಮಾತ್ರೆ ಮಾತ್ರ ಬೇಡವೇ ಬೇಡ. ಹಿಂದೆ ಕೊಟ್ಟಿದ್ದ ಚಿಕಿತ್ಸೆಯ ಭಯ ಹೋಗಿರಲಿಲ್ಲ.

ಪತ್ರಕರ್ತ ಒಬ್ಬ ರೋಗಿಯನ್ನು ಉದ್ಧಾರ ಮಾಡಿದ ಅಂತ ಈ ಕತೆ ಹೇಳುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಕಾಯಿಲೆ ಹೋಗಲೇ ಇಲ್ಲ. ಒಳ್ಳೆಯ ದಿನದ ಹಿಂದೆಯೇ ಕೆಟ್ಟ ದಿನ. ಒಮ್ಮೆ ಏಯರ್ಸ್ ಸಿಟ್ಟಿಗೆದ್ದು, ತನ್ನನ್ನು ಮಿಸ್ಟರ್ ಏಯರ್ಸ್ ಅಂತಲೇ ಕರೆಯಬೇಕು ಎಂದು ಲೋಪೆಜ್ ಅವರಿಗೆ ಗದರಿದರು. ಅಲ್ಲಿಂದ ಲೋಪೆಜ್ ಹಾಗೆಯೇ ಕರೆದರು. ಬಟ್ಟೆ, ಹಣ, ಕೋಣೆ ಕೊಡುವವರು ಸಿಗುತ್ತಾರೆ. ಬೀದಿಯ ಮನುಷ್ಯನಿಂದ ಬೈಸಿಕೊಂಡು ಮರುದಿನ ಮತ್ತೆ ಹೋಗುವವರು ಸಿಗುವುದಿಲ್ಲ. ಈ ಸ್ನೇಹದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಮರುದಿನಗಳೇ. ಒಮ್ಮೆ ಇಬ್ಬರೂ ಕೂಡಿ ಆ ಊರಿನ ಸಂಗೀತ ಸಭಾಂಗಣವಾದ ಡಿಸ್ನಿ ಹಾಲ್‌ನಲ್ಲಿ, ದೊಡ್ಡ ವಾದ್ಯವೃಂದ ನುಡಿಸುವ ಬೀಥೋವನ್ನರ ಮೂರನೇ ಸಿಂಫನಿ ಕೇಳಿದರು. ಸಂಗೀತ ಕಚೇರಿಗಲ್ಲ, ಅದರ ತಾಲೀಮಿಗೆ ಹೋಗಿದ್ದು. ಅಲ್ಲಿ ಜನಜಂಗುಳಿ ಇರುವುದಿಲ್ಲ ನೋಡಿ.

ನಮ್ಮ ವಿಜಯಪುರಕ್ಕೆ ಬರೋಣ. ತಾನೇ ಹಾಡು ಬರೆದು ರಾಗ ಗೊತ್ತುಮಾಡಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಆಳಿದ ಊರಿದು. ಬಸ್ ನಿಲ್ದಾಣದಲ್ಲಿ, ಗುಡಿಯ ಕಟ್ಟೆಯ ಮೇಲೆ, ದರ್ಗಾದ ಬಾಗಿಲಲ್ಲಿ ತನ್ನಷ್ಟಕ್ಕೇ ಹಾಡಿಕೊಳ್ಳುವವರನ್ನು ನಾವೂ ಕಂಡಿದ್ದೇವೆ. ಕೆಲವರು ಹುಚ್ಚ ಅಂತ ದೂರ ಸರಿಯುತ್ತಾರೆ. ಕೆಲವರು ಅವಧೂತ ಅಂತ ಕಾಲಿಗೆ ಬೀಳುತ್ತಾರೆ. ರೊಟ್ಟಿ, ಚಹಾ ಕೊಡುವುದರಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ, ಅದು ನಿಜ. ಆದರೆ ಪಕ್ಕದಲ್ಲಿ ಕೂತು "ಯಾವ ಊರ್ರೀ ನಿಮ್ಮದು? ಹಾಡು ಯಾರ ಹತ್ರ ಕಲ್ತ್ರಿ?" ಅಂತ ಕೇಳುವವರು ಕಡಿಮೆ. ಉತ್ತರ ಬರದಿದ್ದರೂ ಪರವಾಗಿಲ್ಲ. ನಾಳೆ ಮತ್ತೆ ಕೇಳಬಹುದು.

ಬರೀ ಸ್ನೇಹದಿಂದ ಎಲ್ಲ ಆಗದು, ವೈದ್ಯರೂ ಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಮನೋರೋಗದಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ಅವರ ಮನೆಯವರನ್ನು ಹುಡುಕುವುದೂ ಠಾಣೆಯ ಕೆಲಸವೇ. ಹೋಗಿ ಕೇಳಲು ಹಿಂಜರಿಯಬೇಡಿ.

ನಮಸ್ಕಾರ.