ಪಟ್ಟಿ ಬರೆದ ಮನುಷ್ಯ: ಪಾಲ್ಮೈರಾದ ಖಾಲೆದ್ ಅಲ್-ಅಸಾದ್

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ನನಗೆ ನಲವತ್ತು ನಿಮಿಷ ಕೊಟ್ಟಿದ್ದರು. ಪ್ರಾರ್ಥನೆ, ಸ್ವಾಗತ, ಹೂಗುಚ್ಛ ಎಲ್ಲ ಮುಗಿಯುವಾಗ ಅದರಲ್ಲಿ ಹದಿನೈದು ಹೋಯಿತು. ನನ್ನ ಪರಿಚಯಕ್ಕೇ ಆರು ನಿಮಿಷ. ನಾನು ಇಷ್ಟೆಲ್ಲ ಮಾಡಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಖಾಲೆದ್ ಅಲ್-ಅಸಾದ್ ಹೆಸರನ್ನು ನೀವು ಕೇಳಿದ್ದರೆ ಕೇಳಿರುವುದು ಒಂದೇ ಕಾರಣಕ್ಕೆ. 2015ರ ಆಗಸ್ಟ್ 18ರಂದು ಸಿರಿಯಾದ ಪ್ರಾಚೀನ ನಗರ ಪಾಲ್ಮೈರಾದಲ್ಲಿ ಇಸ್ಲಾಮಿಕ್ ಸ್ಟೇಟ್ ಉಗ್ರರು, ಅಂದರೆ ಐಎಸ್‌ನವರು ಅವರ ತಲೆ ಕಡಿದರು. ಎಂಬತ್ತು ದಾಟಿದ ಮುದುಕರು. ಪತ್ರಿಕೆಗಳಲ್ಲಿ ಫೋಟೋ ಬಂತು, ಎರಡು ದಿನ ಮಾತಾಡಿದೆವು, ಮರೆತೆವು. ನನ್ನ ತಕರಾರು ಇಲ್ಲೇ ಇರುವುದು. ಅಷ್ಟು ಉದ್ದದ ಬಾಳಿನಲ್ಲಿ ನಮಗೆ ಗೊತ್ತಿರುವುದು ಕೊನೆಯ ದಿನ ಮಾತ್ರ. 1963ರಿಂದ 2003ರವರೆಗೆ ನಲವತ್ತು ವರ್ಷ ಅವರು ಒಂದೇ ಊರಿನಲ್ಲಿ ಮ್ಯೂಸಿಯಂ ಮತ್ತು ಪುರಾತತ್ವ ಇಲಾಖೆ ನೋಡಿಕೊಂಡರು. ಆ ನಲವತ್ತು ವರ್ಷ ಏನು ಮಾಡಿದರು? ಪಟ್ಟಿ ಬರೆದರು. ನಗಬೇಡಿ. ನಾನು ಪಟ್ಟಿಯ ಪಕ್ಷದವನು.

ಯಾಕೆ ಅಂತ ಒಂದು ಕತೆ ಹೇಳಿಬಿಡುತ್ತೇನೆ. ನನ್ನ ವಿದ್ಯಾರ್ಥಿಗಳು ಇಲ್ಲಿ ಇದ್ದರೆ ಕ್ಷಮಿಸಲಿ, ಅವರು ಇದನ್ನು ಹತ್ತು ಸಲ ಕೇಳಿದ್ದಾರೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಸಣ್ಣ ಮ್ಯೂಸಿಯಂಗೆ ಹೋಗಿದ್ದೆ. ಯಾವ ಊರು ಅಂತ ಹೇಳುವುದಿಲ್ಲ. ಅಂಗಳದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ಒಂದು ಚೆಂದದ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ದನ ಹೊಡೆದುಕೊಂಡು ಹೋಗುವವರು, ನಡುವೆ ವೀರ, ಮೇಲೆ ಕೈಲಾಸ. ಅಕ್ಷರ ಇದ್ದ ಜಾಗ ಮಾತ್ರ ಉಜ್ಜಿ ಹೋಗಿತ್ತು. ಯಾರೋ ಅದರ ಮೇಲೆ ಬಟ್ಟೆ ಒಗೆದಿರಬೇಕು. ಹಿಂಬದಿಯಲ್ಲಿ ಬಿಳಿ ಬಣ್ಣದಲ್ಲಿ ನಂಬರ್ ಬರೆದಿತ್ತು, 212. ಸರಿ, ರಿಜಿಸ್ಟರ್‌ನಲ್ಲಿ 212 ನೋಡಿದರೆ ಯಾವ ಊರಿಂದ ಬಂತು ಅಂತ ಗೊತ್ತಾಗುತ್ತದೆ. ಕೇಳಿದೆ. ಅಲ್ಲಿದ್ದವರು ಹೇಳಿದರು, 'ರಿಜಿಸ್ಟರ್ ಅಲ್ಮೇರಾದಲ್ಲಿದೆ. ಕೀಲಿ ಸಾಹೇಬರ ಹತ್ತಿರ. ಸಾಹೇಬರು ವರ್ಗ ಆಗಿದ್ದಾರೆ.'

ಎರಡನೇ ಸಲ ಹೋದೆ. ಹೊಸ ಸಾಹೇಬರು ಇನ್ನೂ ಚಾರ್ಜ್ ತಗೊಂಡಿರಲಿಲ್ಲ. ಮೂರನೇ ಸಲ ಹೋದಾಗ ನನ್ನ ಕಾಟ ತಾಳಲಾರದೆ ಬೀಗ ಒಡೆಸಿದರು. ರಿಜಿಸ್ಟರ್ ಇತ್ತು! ದಪ್ಪ ರಟ್ಟು, ಕೆಂಪು ಬಟ್ಟೆಯ ಬೆನ್ನು. ತೆರೆದರೆ 140ರವರೆಗೆ ಮುತ್ತಿನಂಥ ಅಕ್ಷರ. ಆಮೇಲೆ ಗೆದ್ದಲು. ಹಿಂದಿನ ರಟ್ಟಿನಿಂದ ತಿನ್ನುತ್ತಾ ಬಂದು 140ಕ್ಕೆ ಅದಕ್ಕೂ ಸಾಕಾಗಿರಬೇಕು. ಆ ವೀರ ಯಾವ ಊರಿನ ದನ ಬಿಡಿಸಲು ಸತ್ತ ಅಂತ ಇವತ್ತಿಗೂ ಗೊತ್ತಿಲ್ಲ. ಅಲ್ಲಿಗೆ ಯಾವ ಐಎಸ್ ಕೂಡ ಬಂದಿರಲಿಲ್ಲ.

ಈಗ ಪಾಲ್ಮೈರಾಕ್ಕೆ ಬನ್ನಿ. ಊರಿನವರ ಬಾಯಲ್ಲಿ ತದ್ಮುರ್. ಡಮಾಸ್ಕಸ್‌ನಿಂದ ಸುಮಾರು 215 ಕಿಲೋಮೀಟರ್, ಮರುಭೂಮಿಯ ನಡುವೆ ನೀರಿರುವ ಜಾಗ, ಖರ್ಜೂರದ ತೋಟ. ಹಿಂದೆ ಒಂಟೆ ಸಾಲುಗಳು ಅಲ್ಲಿ ತಂಗುತ್ತಿದ್ದವು. ಸುಮಾರು 1930ರವರೆಗೂ ಊರಿನ ಜನ ಬೇಲ್ ದೇವಾಲಯದ ಪ್ರಾಂಗಣದೊಳಗೇ ಮನೆ ಕಟ್ಟಿಕೊಂಡಿದ್ದರು. ಆಗ ಸಿರಿಯಾವನ್ನು ಆಳುತ್ತಿದ್ದ ಫ್ರೆಂಚರು ಅವರನ್ನು ಎಬ್ಬಿಸಿ ಪಕ್ಕದಲ್ಲಿ ಹೊಸ ಊರು ಮಾಡಿಕೊಟ್ಟರು. ಹಂಪಿ ಬಜಾರಿನ ಕತೆ ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾಲೆದ್ ಹುಟ್ಟಿದ್ದು ಆ ಕಾಲದಲ್ಲಿ, ಆ ಊರಿನಲ್ಲಿ. ಡಮಾಸ್ಕಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ವಾಪಸ್ ಬಂದರು. ಮಗಳಿಗೆ ಜೆನೋಬಿಯಾ ಅಂತ ಹೆಸರಿಟ್ಟರು. ರೋಮ್‌ಗೆ ಸವಾಲು ಹಾಕಿ 272ರಲ್ಲಿ ಸೋತ ಪಾಲ್ಮೈರಾದ ರಾಣಿಯ ಹೆಸರು ಅದು. ನಮ್ಮಲ್ಲಿ ಅಬ್ಬಕ್ಕ ಅಂತ ಇಟ್ಟ ಹಾಗೆ.

ಅಲ್ಲಿನ ಪ್ರಾಚೀನ ಭಾಷೆ ಅರಾಮಿಕ್‌ನ ಒಂದು ಬಗೆ. 22 ಅಕ್ಷರ, ಬಲದಿಂದ ಎಡಕ್ಕೆ. ಖಾಲೆದ್ ಅದನ್ನು ಸಲೀಸಾಗಿ ಓದುತ್ತಿದ್ದರು. ನಮ್ಮ ಶಾಸನ ಓದುವವರು ಶಕವರ್ಷಕ್ಕೆ 78 ಕೂಡಿಸುತ್ತಾರಲ್ಲ, ಕ್ರಿಸ್ತಶಕ ತಿಳಿಯಲು ಅಲ್ಲಿನ ವರ್ಷದಿಂದ 311 ಕಳೆಯಬೇಕು. ಅಲ್ಲಿನ ಹೆಸರುವಾಸಿ ಸುಂಕದ ಶಾಸನ ಇದೆ. ಯಾವ ಹೇರಿಗೆ ಎಷ್ಟು ತೆರಿಗೆ ಅಂತ ಗ್ರೀಕ್‌ನಲ್ಲೂ ಅರಾಮಿಕ್‌ನಲ್ಲೂ ಕೊರೆದ ಕಲ್ಲು. ಅದರ ವರ್ಷ 448. ಕಳೆಯಿರಿ. 137 ಬಂತಲ್ವಾ? ಆ ಕಲ್ಲು ಈಗ ರಷ್ಯಾದ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಅದೂ ಒಂದು ಪಟ್ಟಿ ಅಂತ ಹೇಳುವ ಆಸೆ ಆಗುತ್ತಿದೆ, ತಡೆದುಕೊಳ್ಳುತ್ತೇನೆ.

ಮ್ಯೂಸಿಯಂ ಒಳಗಿದ್ದ ಸಮಾಧಿ ಕಲ್ಲುಗಳ ಬಗ್ಗೆ ಮಾತ್ರ ಹೇಳಲೇಬೇಕು. ಸತ್ತವರ ಎದೆಮಟ್ಟದ ಮೂರ್ತಿ. ಹೆಣ ಇಟ್ಟ ಗೂಡಿನ ಬಾಯಿಗೆ ಅದನ್ನು ಮುಚ್ಚುತ್ತಿದ್ದರು. ದೊಡ್ಡ ದೊಡ್ಡ ಕಣ್ಣು, ನೇರ ನಿಮ್ಮನ್ನೇ ನೋಡುತ್ತವೆ. ಕೆಲವು ಹೆಂಗಸರ ಕೈಯಲ್ಲಿ ನೂಲುವ ಕದಿರು, ಕೆಲವರ ಮೈತುಂಬ ಒಡವೆ. ತಲೆಯ ಪಕ್ಕದಲ್ಲಿ ಸಣ್ಣ ಅಕ್ಷರ: ಇಂಥವಳು, ಇಂಥವನ ಮಗಳು. ಕೊನೆಗೆ ಒಂದು ಪದ, 'ಹಬಲ್'. ಅಂದರೆ 'ಅಯ್ಯೋ'. ಅಷ್ಟೇ. ಹೆಸರು, ಅಪ್ಪನ ಹೆಸರು, ಅಯ್ಯೋ. ಖಾಲೆದ್ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುತ್ತಿದ್ದದ್ದು ಇಂಥ ಮುಖಗಳ ನಡುವೆ. ಇವರೆಲ್ಲರ ಹೆಸರುಗಳನ್ನು ಒಂದೊಂದಾಗಿ ಬರೆದು, ಪೋಲೆಂಡಿನ ಮಿಖಾವ್ ಗಾವ್ಲಿಕೋವ್ಸ್ಕಿ ಜೊತೆ ಸೇರಿ ಮ್ಯೂಸಿಯಂನ ಶಾಸನಗಳ ಪಟ್ಟಿಯನ್ನು 1997ರಲ್ಲಿ ಪ್ರಕಟಿಸಿದರು. ಅಲ್ಲಿನ ಸಮಾಧಿಗಳಲ್ಲಿ ಸಿಕ್ಕ ಬಟ್ಟೆಯ ಚೂರುಗಳ ಮೇಲಿನ ಪುಸ್ತಕದಲ್ಲೂ ಅವರ ಹೆಸರಿದೆ. ಅದರಲ್ಲಿ ಚೀನಾದ ರೇಷ್ಮೆಯೂ ಇದೆ.

ಪೋಲೆಂಡಿನವರು 1959ರಿಂದ ಅಲ್ಲಿ ಅಗೆಯುತ್ತಿದ್ದರು. ಜರ್ಮನ್ನರು, ಫ್ರೆಂಚರು, ಸ್ವಿಸ್ಸರು, ಜಪಾನಿಗಳು, ಎಲ್ಲರೂ ಬಂದರು, ಹೋದರು. ಖಾಲೆದ್ ಅಲ್ಲೇ ಇದ್ದರು. 1977ರಲ್ಲಿ ಪೋಲೆಂಡಿನವರಿಗೆ ಅಲ್ಲಾತ್ ದೇವಿಯ ಗುಡಿಯಲ್ಲಿ ಒಂದು ಸಿಂಹ ಸಿಕ್ಕಿತು. ತುಂಡು ತುಂಡಾಗಿ. ಜೋಡಿಸಿದರೆ ಸುಮಾರು ಮೂರೂವರೆ ಮೀಟರ್ ಎತ್ತರ, 15 ಟನ್ ತೂಕ. ಮುಂಗಾಲುಗಳ ನಡುವೆ ಒಂದು ಜಿಂಕೆ, ಹಾಯಾಗಿ ಮಲಗಿದೆ. ಸಿಂಹದ ಎಡ ಪಂಜದ ಮೇಲೆ ಒಂದು ಸಾಲು: ಈ ಗುಡಿಯಲ್ಲಿ ರಕ್ತ ಚೆಲ್ಲದವರನ್ನು ಅಲ್ಲಾತ್ ಹರಸಲಿ.

ನಮ್ಮ ಶಾಸನಗಳ ಕೊನೆಗೆ ಏನಿರುತ್ತದೆ? ಇದನ್ನು ಅಳಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ. ನಮ್ಮವರು ಬೈದು ಕಾಪಾಡಿದರು, ಅವರು ಹರಸಿ. ಎರಡೂ ಜಾಸ್ತಿ ಕೆಲಸ ಮಾಡಿದಂತೆ ಕಾಣುವುದಿಲ್ಲ.

ಚೀಟಿ ಬಂತು. 'ಐದು ನಿಮಿಷ' ಅಂತ ಬರೆದಿದ್ದಾರೆ. ಆಯಿತು, ಸುಂಕದ ಲೆಕ್ಕ ಬಿಟ್ಟೆ, 2003ರಲ್ಲಿ ಸಿಕ್ಕ ಮೊಸಾಯಿಕ್ ನೆಲಹಾಸೂ ಬಿಟ್ಟೆ. ಒಂದು ಮಾತು ಬಿಡಲಾರೆ. ಖಾಲೆದ್ ಆಗ ಸಿರಿಯಾ ಆಳುತ್ತಿದ್ದ ಬಾತ್ ಪಕ್ಷದ ಸದಸ್ಯರು, ಸರ್ಕಾರಿ ಅಧಿಕಾರಿ. ಅದೇ ಊರಿನಲ್ಲಿ ಆ ಸರ್ಕಾರದ ಭಯಂಕರ ಜೈಲೂ ಇತ್ತು. ಹಾಗಾಗಿ ಅವರ ಪಟಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚುವುದು ಬೇಡ. ಈ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ, ಹೋಗಲಿ.

2015ರ ಮೇ ತಿಂಗಳಲ್ಲಿ ಐಎಸ್ ಊರಿಗೆ ನುಗ್ಗುವ ಮುಂಚೆ ನೂರಾರು ಮೂರ್ತಿಗಳನ್ನು ಲಾರಿಗೆ ಹೇರಿ ಡಮಾಸ್ಕಸ್‌ಗೆ ಸಾಗಿಸಿದರು. ಆ ಕೆಲಸದಲ್ಲಿ ಅವರ ಮಕ್ಕಳೂ ಅಳಿಯನೂ ಇದ್ದರು. ಯಾವುದು ಮೊದಲು ಲಾರಿ ಹತ್ತಬೇಕು ಅಂತ ಗೊತ್ತಾಗಬೇಕಾದರೆ ಏನೇನಿದೆ ಅಂತ ಗೊತ್ತಿರಬೇಕು, ಅಲ್ವಾ? ನನ್ನ ಗೆದ್ದಲಿನ ಮ್ಯೂಸಿಯಂನಲ್ಲಿ ಆಗಿದ್ದರೆ ಮೊದಲು ಕೀಲಿ ಹುಡುಕಬೇಕಿತ್ತು. ಖಾಲೆದ್ ಮಾತ್ರ ಹೊರಡಲಿಲ್ಲ. ಹೋಗಿ ಅಂದವರಿಗೆ ಇದು ನನ್ನ ಊರು ಅಂದರಂತೆ. ಐಎಸ್‌ನವರು ಹಿಡಿದು ವಾರಗಟ್ಟಲೆ ಇಟ್ಟುಕೊಂಡು, ವಸ್ತುಗಳನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಅಂತ ಕೇಳಿದರು. ಬಾಯಿ ಬಿಡಲಿಲ್ಲ ಎನ್ನುತ್ತಾರೆ.

ಕೊಂದ ಮೇಲೆ ದೇಹಕ್ಕೆ ಒಂದು ಬೋರ್ಡ್ ಕಟ್ಟಿದರು. ಅದರ ಮೇಲೆ ಅಪರಾಧಗಳು, ಸಾಲಾಗಿ. ವಿದೇಶಿ ಸಮ್ಮೇಳನಗಳಿಗೆ ಹೋಗಿದ್ದು. ಇರಾನ್‌ಗೆ ಹೋಗಿದ್ದು. ಪಾಲ್ಮೈರಾದ ವಿಗ್ರಹಗಳ ನಿರ್ದೇಶಕರಾಗಿದ್ದದ್ದು. ಹುದ್ದೆಯ ಹೆಸರನ್ನೇ ಅಪರಾಧ ಅಂತ ಬರೆದಿದ್ದರು.

ಆಗಸ್ಟ್ 23ಕ್ಕೆ ಬಾಲ್‌ಶಮಿನ್ ದೇವಾಲಯ ಸ್ಫೋಟಿಸಿದರು. 30ಕ್ಕೆ ಬೇಲ್ ದೇವಾಲಯ. ಆಗಸ್ಟ್ 30, 2015, ಭಾನುವಾರ. ಆ ಬೆಳಿಗ್ಗೆ ಧಾರವಾಡದಲ್ಲಿ ಏನಾಯಿತು ಅಂತ ನಾನು ಈ ಸಭೆಗೆ ಹೇಳಬೇಕಾಗಿಲ್ಲ. ಅವತ್ತು ಕೊಲೆಯಾದ ಕಲಬುರ್ಗಿ ಸರ್ ಕೂಡ ಶಾಸನ ಓದುವವರೇ.

ಇನ್ನೊಂದು ಚೀಟಿ. ಮುಗಿಸಿದೆ, ಮುಗಿಸಿದೆ. ಆ ಸಿಂಹ? ಭಾರ ಅಂತ ಸಾಗಿಸಲು ಆಗಿರಲಿಲ್ಲ. ಮ್ಯೂಸಿಯಂ ಮುಂದೆಯೇ ಇತ್ತು, ಜೂನ್‌ನಲ್ಲಿ ಒಡೆದು ಹಾಕಿದರು. 2017ರಲ್ಲಿ ಪೋಲೆಂಡಿನವರೇ ಮತ್ತೆ ಬಂದು, ಡಮಾಸ್ಕಸ್‌ನಲ್ಲಿ ಕೂತು, ಚೂರುಗಳನ್ನು ಜೋಡಿಸಿ ನಿಲ್ಲಿಸಿದರು. ನನ್ನ ಬಳಿ ಒಂದು ಫೋಟೋ ಇದೆ. ಪ್ರೊಜೆಕ್ಟರ್ ಇವತ್ತು ಕೈಕೊಟ್ಟಿದೆಯಂತೆ, ಚಹಾ ಕುಡಿಯುವಾಗ ಮೊಬೈಲ್‌ನಲ್ಲೇ ತೋರಿಸುತ್ತೇನೆ, ಬನ್ನಿ.